ಅಡ್ಡಿಲ್ಲ ಅಂದರೆ ಹತ್ತರಲ್ಲಿ ಎಷ್ಟು?

ದುಬೈಗೆ ಹೋಗಿ ಬಂದವರು ಮುಗಿಲು ಮುಟ್ಟುವ ಕಟ್ಟಡದ ಮುಂದೆ ನಿಂತ ಫೋಟೊ ತೋರಿಸಬೇಕು ಎಂಬುದು ನಮ್ಮೂರಿನ ಕಾಯ್ದೆ. ನನ್ನ ಫೋನಿನಲ್ಲಿರುವುದು ಹನ್ನೆರಡು ಕುರ್ಚಿಗಳ ಫೋಟೊ. ನೋಡಿದವರೆಲ್ಲ ಇದನ್ನು ನೋಡಲಿಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಎಂದು ಕೇಳುತ್ತಾರೆ. ಹೋಗಬೇಕಿತ್ತು. ಮೂರು ವಾರ ಅಲ್ಲಿದ್ದೆ, ಆ ಮೂರು ವಾರದಲ್ಲಿ ಎರಡು ವಾರ ನನ್ನ ತಲೆ ಮೊಸರುಗಡಿಗೆಯಾಗಿತ್ತು. ಯಾಕೆ ಎಂದು ಹೇಳದಿದ್ದರೆ ನನಗೂ ಸಮಾಧಾನವಿಲ್ಲ.

ಹೊನ್ನಾವರ, ಮಹಡಿಯ ಮೇಲೆ

ನಾನು ಕುಮಟಾದವಳು. ಹೆಸರು ಸರೋಜಿನಿ, ವಯಸ್ಸು ಐವತ್ತೊಂದು. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸು ಹಿಡಿದು ಹೊನ್ನಾವರಕ್ಕೆ ಹೋಗಿ, ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಮಹಡಿಯಲ್ಲಿ ಕಾಯಿಲೆಯವರಿಗೆ ಯೋಗ ಹೇಳಿಕೊಡುತ್ತೇನೆ. ದಮ್ಮಿನವರು, ಸಕ್ಕರೆ ಕಾಯಿಲೆಯವರು, ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು, ಮೊಣಕಾಲು ಸವೆದವರು. ನೆಲದ ಮೇಲೆ ಕೂರಿಸಿದರೆ ಎಬ್ಬಿಸಲು ನಾಲ್ಕು ಜನ ಬೇಕು. ಹಾಗಾಗಿ ಎಲ್ಲ ಕುರ್ಚಿಯ ಮೇಲೆಯೇ. ಕೈ ಎತ್ತುವುದು, ಇಳಿಸುವುದು, ಒಂದು ಉದ್ದನೆಯ ಕೋಲು ಹಿಡಿದು ಭುಜ ತಿರುಗಿಸುವುದು, ಉಸಿರನ್ನು ನಿಧಾನಕ್ಕೆ ಬಿಡುವುದು, ಕಡೆಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನಿರುವುದು.

ಇಷ್ಟನ್ನು ಜನರಿಗೆ ತಿಳಿಸಲು ಏಳು ವರ್ಷದಿಂದ ಒದ್ದಾಡುತ್ತಿದ್ದೇನೆ. ಅರ್ಧ ಊರಿನವರ ಪ್ರಕಾರ ಯೋಗ ಎಂದರೆ ಗಟ್ಟಿಮುಟ್ಟಾದವರು ಕಾಲನ್ನು ಕುತ್ತಿಗೆಗೆ ಸುತ್ತಿಕೊಳ್ಳುವುದು. ಮೈ ಸರಿಯಿಲ್ಲದವರಿಗೆ ಎಂತ ಯೋಗ ಎನ್ನುತ್ತಾರೆ. ಉಳಿದ ಅರ್ಧದವರು ಇನ್ನೂ ಅಪಾಯದವರು. ಎರಡು ದಿನ ಮೂಗು ಹಿಡಿದು, ಮೂರನೇ ದಿನ ಬಿಪಿ ಮಾತ್ರೆಯನ್ನು ಹಿತ್ತಲಿಗೆ ಎಸೆದು ಬರುತ್ತಾರೆ. ಅವರನ್ನು ಬೈದು ಮತ್ತೆ ಕೆಳಮಹಡಿಯ ಡಾಕ್ಟರ ಹತ್ತಿರ ಅಟ್ಟುವುದೇ ನನಗೊಂದು ಕೆಲಸ. ಯೋಗದಿಂದ ರೋಗ ಓಡಿಹೋಗುತ್ತದೆ ಎಂದು ನಾನು ಯಾವತ್ತೂ ಹೇಳಿಲ್ಲ. ಔಷಧ ತಿನ್ನುತ್ತ, ಇದ್ದ ಕಾಯಿಲೆಯ ಜೊತೆಗೇ ಸ್ವಲ್ಪ ಸಲೀಸಾಗಿ ಉಸಿರಾಡಲಿ ಎಂಬುದಷ್ಟೇ ನನ್ನ ಆಸೆ.

ಆದರೆ ನಿಜಕ್ಕೂ ನನ್ನ ಜೀವ ತಿನ್ನುವುದು ಒಂದು ಶಬ್ದ. ಅಡ್ಡಿಲ್ಲ. ಬೇರೆ ಜಿಲ್ಲೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಊಟ ಹೇಗಿತ್ತು ಎಂದು ಕೇಳಿದರೆ ಅಡ್ಡಿಲ್ಲ ಎನ್ನುತ್ತಾರೆ, ಅಂದರೆ ಬಹಳ ರುಚಿಯಾಗಿತ್ತು. ಹುಡುಗ ಹೇಗಿದ್ದಾನೆ ಎಂದರೆ ಅಡ್ಡಿಲ್ಲ, ಅಂದರೆ ಮದುವೆ ನಿಶ್ಚಯವಾದ ಹಾಗೆ. ಬಸ್ಸಿನಲ್ಲಿ ಯಾರದೋ ಕಾಲು ತುಳಿದರೂ ಅಡ್ಡಿಲ್ಲ, ಅಂದರೆ ಪ್ರಾಣ ಹೋಗುವಷ್ಟು ನೋವಾಗಿದೆ, ಏನು ಮಾಡುವುದು. ಒಂದೇ ಶಬ್ದ ಹಾಲಿಗೂ ಸೈ, ವಿಷಕ್ಕೂ ಸೈ. ಅಡ್ಡಿ ಇಲ್ಲ ಎಂದು ದಿನಕ್ಕೆ ನೂರು ಸಲ ಹೇಳುವ ನಾವು, ಅಡ್ಡಿ ಇದೆ ಎಂದು ನಮ್ಮ ಮೈಯ ಬಗ್ಗೆ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ನನ್ನ ತರಗತಿಯಲ್ಲಿ ಬಂದರದ ಕಡೆಯ ಮಾದೇವಮ್ಮ ಎಂಬ ಮುದುಕಿ ಇದ್ದಾಳೆ. ಅವಳು ಮೆಟ್ಟಿಲು ಹತ್ತುವಾಗಲೇ ಅವಳ ಎದೆಯ ಸುಂಯ್ ಸುಂಯ್ ಸದ್ದು ಮೇಲಿನವರೆಗೆ ಕೇಳುತ್ತದೆ. ಹೇಗಿದ್ದೀ ಎಂದರೆ ಮೂರು ವರ್ಷದಿಂದ ಒಂದೇ ಉತ್ತರ, "ಅಡ್ಡಿಲ್ಲ ಅಕ್ಕೋರೆ." ನಮ್ಮಲ್ಲಿ ಕಲಿಸುವ ಹೆಂಗಸು ಯಾರೇ ಆದರೂ ಅಕ್ಕೋರು. ನಾನೂ ಮೂರು ವರ್ಷದಿಂದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ "ಆರಾಮ" ಎಂದು ಬರೆಯುತ್ತ ಬಂದಿದ್ದೆ.

ಜಾಲಿ

ಭಟ್ಕಳದ ಪಕ್ಕದ ಜಾಲಿಯಲ್ಲಿ ನವಾಯತಿ ಮುಸ್ಲಿಮರ ಒಬ್ಬ ಅಮ್ಮನಿಗೆ ಅವರ ಮನೆಗೇ ಹೋಗಿ ಕಲಿಸುತ್ತಿದ್ದೆ. ಅವರಿಗೂ ದಮ್ಮು. ಮಹಡಿಯ ಮೇಲಿನ ತಮ್ಮ ಕೋಣೆಗೆ ಹೋಗಲು ನಡುವೆ ಮೂರು ಕಡೆ ನಿಲ್ಲುತ್ತಿದ್ದವರು, ಒಂದು ವರ್ಷದ ಮೇಲೆ ಒಂದೇ ಕಡೆ ನಿಲ್ಲುವಂತಾದರು. ದುಬೈಯಿಂದ ರಜೆಗೆ ಬಂದ ಅವರ ಮಗಳು ಇದನ್ನು ನೋಡಿದಳು. ಹೆಸರು ಸಮೀನಾ, ಹೃದಯ ಮತ್ತು ಶ್ವಾಸಕೋಶದ ಕಾಯಿಲೆಯಿಂದ ಎದ್ದವರನ್ನು ಮತ್ತೆ ಓಡಾಡುವಂತೆ ಮಾಡುವ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು. ಎರಡು ದಿನ ನನ್ನ ತರಗತಿಯಲ್ಲಿ ಕೂತು ನೋಡಿದಳು. ಮೂರನೇ ದಿನ, ನಮ್ಮ ಕ್ಲಿನಿಕ್ಕಿಗೆ ಬಂದು ಮೂರು ವಾರ ಇದನ್ನು ತೋರಿಸಿಕೊಡಿ ಟೀಚರ್, ಸರಿಹೋದರೆ ಕಾಯಂ ಶುರು ಮಾಡುತ್ತೇವೆ ಎಂದಳು.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ "ಅಡ್ಡಿಲ್ಲ, ಹೋಗಿ ಬಾ" ಎಂದರು. ಸಂತೋಷವೋ, ಬೇಸರವೋ, ಕೇಳಿಸಲೇ ಇಲ್ಲವೋ ಎಂದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು. ಇಪ್ಪತ್ತಾರು ವರ್ಷದ ಸಂಸಾರವಾದರೂ ಆ ಶಬ್ದದ ಒಳಗೆ ಹೊಗುವುದು ಸುಲಭವಲ್ಲ.

ಮಂಗಳೂರು, ತಪಾಸಣೆಯ ಸಾಲು

ನನ್ನ ಕೋಲು ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ. ಬಿದಿರಿನದು, ಮೂರೂವರೆ ಅಡಿ, ಏಳು ವರ್ಷದಿಂದ ನೂರಾರು ಕೈಗಳು ಹಿಡಿದು ನುಣುಪಾದದ್ದು. ಕೈಯಲ್ಲೇ ಹಿಡಿದುಕೊಂಡು ವಿಮಾನ ನಿಲ್ದಾಣಕ್ಕೆ ಹೋದೆ. ತಪಾಸಣೆಯವನು ಇದು ಯಾಕೆ ಎಂದ. ಕಾಯಿಲೆಯವರಿಗೆ ಎಂದೆ. ಅವನು ನನ್ನನ್ನೂ ಕೋಲನ್ನೂ ಒಂದು ಸಲ ನೋಡಿ, ಕಾಯಿಲೆಯವರನ್ನು ಹೊಡೆಯುತ್ತೀರಾ ಎಂದ. ಹಿಂದಿನವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅಲ್ಲೇ ನಿಂತು ಕೋಲನ್ನು ತಲೆಯ ಮೇಲೆತ್ತಿ ಭುಜ ತಿರುಗಿಸಿ ತೋರಿಸಿದೆ. ಅದೇ ತಪ್ಪಾಯಿತು. ಕೋಲು ಎತ್ತಿದ್ದೇ ಇನ್ನಿಬ್ಬರು ಓಡಿ ಬಂದರು. ಕೋಲು ಮಂಗಳೂರಿನಲ್ಲೇ ಉಳಿಯಿತು.

ವಿಮಾನದಲ್ಲಿ ಪಕ್ಕದವರು ನಾನು ಯೋಗದವಳು ಎಂದು ತಿಳಿದ ಕೂಡಲೇ ಸಕ್ಕರೆ ಕಾಯಿಲೆಗೆ ಯಾವ ಆಸನ, ಕೂದಲು ಉದುರುವುದಕ್ಕೆ ಯಾವುದು, ಅಳಿಯನ ಸಿಟ್ಟಿಗೆ ಯಾವುದು ಎಂದು ಒಂದೊಂದಾಗಿ ಕೇಳಿದರು. ಅಳಿಯನಿಗೆ ಏನೂ ಇಲ್ಲ, ನೀವೇ ಸ್ವಲ್ಪ ಸುಮ್ಮನೆ ಕಣ್ಣು ಮುಚ್ಚಿ ಕೂರಿ ಎಂದೆ. ಅವರು ಅದನ್ನು ಆಸನ ಎಂದೇ ತಿಳಿದು ದುಬೈವರೆಗೂ ಕಣ್ಣು ಬಿಡಲಿಲ್ಲ. ಇಡೀ ಪ್ರಯಾಣದಲ್ಲಿ ನನ್ನ ಮಾತನ್ನು ಸರಿಯಾಗಿ ಪಾಲಿಸಿದವರು ಅವರೊಬ್ಬರೇ.

ದುಬೈ, ಉರುಳುವ ಕುರ್ಚಿಗಳು

ಕ್ಲಿನಿಕ್ಕು ನಾಲ್ಕನೇ ಮಹಡಿಯಲ್ಲಿ. ಹೊರಗೆ ಹಂಚಿನ ಮೇಲೆ ದೋಸೆ ಹೊಯ್ಯಬಹುದಾದ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಚಳಿ. ದಮ್ಮಿನವರನ್ನು ಅಂಥ ಚಳಿಯಲ್ಲಿ ಕೂರಿಸಿ ಉದ್ದಕ್ಕೆ ಉಸಿರೆಳೆಯಿರಿ ಎಂದರೆ ಕೆಮ್ಮು ಬಾರದೆ ಇನ್ನೇನು ಬರುತ್ತದೆ? ಏಸಿ ಕಡಿಮೆ ಮಾಡಿ ಎಂದೆ. ಇಡೀ ಕಟ್ಟಡಕ್ಕೆ ಒಂದೇ ಗುಂಡಿಯಂತೆ, ಅದು ಯಾರ ಕೈಯಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ನಮ್ಮ ಹೊನ್ನಾವರದಲ್ಲಿ ಫ್ಯಾನು ತಿರುಗದಿದ್ದರೆ ಒಂದು ಕೋಲಿನಿಂದ ತಿವಿದರೆ ಸಾಕು. ಆದರೆ ಕೋಲೂ ಇರಲಿಲ್ಲವಲ್ಲ.

ಮೊದಲ ದಿನ ಕುರ್ಚಿ ಬೇಕು ಎಂದಾಗ ಹನ್ನೆರಡು ಚಂದದ ಕುರ್ಚಿ ತಂದಿಟ್ಟರು. ಮೆತ್ತಗಿನವು, ಕಪ್ಪು ಬಣ್ಣದವು, ಅಡಿಯಲ್ಲಿ ಚಕ್ರ ಇದ್ದವು. ನನಗೆ ಚಕ್ರ ಕಾಣಲಿಲ್ಲ. ಎಲ್ಲರನ್ನೂ ಕೂರಿಸಿ, ಪಾದ ನೆಲಕ್ಕೆ ಒತ್ತಿ ಕೈ ಮೇಲೆತ್ತಿ ಎಂದೆ. ಒತ್ತಿದರು. ಒತ್ತಿದ ಕೂಡಲೇ ಹನ್ನೆರಡು ಜನ ರೋಗಿಗಳು ಹನ್ನೆರಡು ದಿಕ್ಕಿಗೆ ಉರುಳಿಕೊಂಡು ಹೋದರು. ಒಬ್ಬರು ಗೋಡೆಗೆ, ಒಬ್ಬರು ಬಾಗಿಲಿಗೆ, ಇಬ್ಬರು ಒಬ್ಬರಿಗೊಬ್ಬರು. ಯಾರಿಗೂ ಪೆಟ್ಟಾಗಲಿಲ್ಲ. ಒಬ್ಬೊಬ್ಬರನ್ನೇ ತಳ್ಳಿಕೊಂಡು ಬಂದು ಮತ್ತೆ ಸಾಲಿಗೆ ಸೇರಿಸಿದೆ.

ನಾಲ್ಕು ಕಾಲಿನ ಕುರ್ಚಿ ಕೊಡಿ ಎಂದು ಮೂರು ದಿನ ಗೋಗರೆದೆ. ಅರ್ಜಿ ಬರೆಯಿರಿ ಎಂದರು. ಬರೆದೆ. ಸುರಕ್ಷತೆಯ ವಿಭಾಗದವರು ಬಂದು, ಚಕ್ರವಿಲ್ಲದ ಕುರ್ಚಿ ಯಾಕೆ ಎಂದು ಕಾರಣ ಕೇಳಿದರು. ಉರುಳದಿರಲಿ ಎಂದು ಎಂದೆ. ಅದನ್ನೂ ಬರೆಯಿರಿ ಎಂದರು. ನಾಲ್ಕನೇ ದಿನ ಕುರ್ಚಿಗಳು ಬಂದವು. ಬಿಳಿ ಪ್ಲಾಸ್ಟಿಕ್ಕಿನವು, ನಮ್ಮ ಕಡೆ ಮದುವೆ ಮನೆಯಲ್ಲಿ ಇಡುವಂಥವೇ. ಸಮುದ್ರ ದಾಟಿ ಬಂದು ಆ ಕುರ್ಚಿಯನ್ನು ನೋಡಿ ಕಣ್ಣಲ್ಲಿ ನೀರು ಬಂತು. ಫೋಟೊ ತೆಗೆದುಕೊಂಡದ್ದು ಆಗಲೇ.

ಆರೂವರೆ

ಅಲ್ಲಿ ಪ್ರತಿ ತರಗತಿಗೂ ಒಂದು ಫಾರ್ಮು. ನೋವು ಎಷ್ಟು, ಆಯಾಸ ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಬೇಕು. ಸೊನ್ನೆಯ ಮೇಲೆ ನಗುವ ಮುಖ, ಹತ್ತರ ಮೇಲೆ ಅಳುವ ಮುಖ. ರೋಗಿ ಹೇಳಿದ್ದನ್ನು ನರ್ಸ್ ಲಿಸ್ಸಿ ಕೈಯಲ್ಲಿನ ಟ್ಯಾಬಿನಲ್ಲಿ ಒತ್ತುತ್ತಿದ್ದಳು. ಕೇರಳದವಳು, ನಡುವಯಸ್ಸಿನವಳು, ಕೆಲಸದಲ್ಲಿ ಚುರುಕು.

ಮಾರ್ಗರೆಟ್ ಎಂಬ ಇಂಗ್ಲೆಂಡಿನ ಹೆಂಗಸು ಒಬ್ಬಳಿದ್ದಳು. ನಿವೃತ್ತ ಶಿಕ್ಷಕಿ, ಶ್ವಾಸಕೋಶದ ಕಾಯಿಲೆ. ಅವಳನ್ನು ಕೇಳಿದರೆ "ಆರೂವರೆ" ಎನ್ನುವಳು. ನಿನ್ನೆ ಆರೂಮುಕ್ಕಾಲು ಇತ್ತು, ಎಡಪಕ್ಕೆಲುಬಿನ ಕೆಳಗೆ, ಬೆಳಿಗ್ಗೆ ಚಹಾ ಕುಡಿದ ಮೇಲೆ ಸ್ವಲ್ಪ ಇಳಿಯಿತು ಎಂದು ಒಂದು ಗಳಿಗೆ ವಿವರಿಸುವಳು. ಅವಳ ಲೆಕ್ಕ ಮುಗಿಯುವವರೆಗೆ ಉಳಿದ ಹನ್ನೊಂದು ಜನ ಕೈ ಕಟ್ಟಿಕೊಂಡು ಕೂರಬೇಕು. ಇಷ್ಟು ಸಾಲದೆಂಬಂತೆ, ನಾನು ಆಸನ ಎಂದಾಗ ಹಾಗಲ್ಲ, "ಆಸಾನಾ" ಎಂದು ನನ್ನ ಉಚ್ಚಾರವನ್ನೇ ತಿದ್ದಿದಳು. ಎಲಾ ಇವಳೇ ಎಂದುಕೊಂಡೆ. ಆದರೂ ಒಳಗೊಳಗೆ ಅವಳನ್ನು ಕಂಡು ಹೊಟ್ಟೆಕಿಚ್ಚಾಗುತ್ತಿತ್ತು. ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ನಾಚಿಕೆಯಿಲ್ಲದೆ ಹೇಳುತ್ತಾಳಲ್ಲ, ನಮ್ಮವರಿಗೆ ಇದೊಂದು ಬರಬಾರದೇ ಎನಿಸುತ್ತಿತ್ತು.

ಪೇಶಾವರದ ಒಬ್ಬ ಲಾರಿ ಡ್ರೈವರನಿದ್ದ. ಅವನು ಯಾವ ಪ್ರಶ್ನೆಗೂ ದೇವರ ದಯೆ ಎಂದಷ್ಟೇ ಹೇಳುತ್ತಿದ್ದ. ಲಿಸ್ಸಿಯ ಕಡೆಯವರು ಕುಳಪ್ಪಮಿಲ್ಲ ಎನ್ನುತ್ತಿದ್ದರು. ಅದೇನೆಂದು ಕೇಳಿದೆ. ತೊಂದರೆಯಿಲ್ಲ ಎಂದು ಅರ್ಥವಂತೆ. ಅಯ್ಯೋ, ನಮ್ಮ ಶಬ್ದ ನನಗಿಂತ ಮೊದಲೇ ಮಲಯಾಳಿ ವೇಷ ಹಾಕಿಕೊಂಡು ದುಬೈ ಸೇರಿದೆ ಎಂದುಕೊಂಡೆ.

ಕಾಸರಕೋಡಿನವರು

ಎರಡನೇ ವಾರ ಹೊಸಬರೊಬ್ಬರು ಬಂದರು. ಹೆಸರು ಗಣಪತಿ, ಐವತ್ತನಾಲ್ಕು ವರ್ಷ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಕಬ್ಬಿಣದ ಪೈಪು ಸಾಮಾನಿನ ಉಸ್ತುವಾರಿ. ಎರಡು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ಫೈಲಿನಲ್ಲಿ ಊರು ಕಾಸರಕೋಡು ಎಂದು ಇತ್ತು. ಅದನ್ನು ಓದಿದವರು ಕೇರಳದ ಕಾಸರಗೋಡು ಎಂದು ತಿಳಿದು ಅವರನ್ನು ಲಿಸ್ಸಿಗೆ ಒಪ್ಪಿಸಿದ್ದರು. ಇಪ್ಪತ್ತಾರು ವರ್ಷ ಗಲ್ಫಿನಲ್ಲಿದ್ದವರಿಗೆ ಮಲಯಾಳ ಬರದೆ ಇರುತ್ತದೆಯೇ, ಅವರೂ ಮಲಯಾಳದಲ್ಲೇ ಮಾತಾಡುತ್ತಿದ್ದರು. ತೊಂದರೆ ಇಲ್ಲ ತಾನೇ ಎಂದು ಲಿಸ್ಸಿ ಕೇಳಿದಳು. ಅವರು ತಲೆ ಅಲ್ಲಾಡಿಸಿ, ತಮಗೇ ಎಂಬಂತೆ "ಅಡ್ಡಿಲ್ಲ" ಎಂದರು.

ನನ್ನ ಕಿವಿ ನೆಟ್ಟಗಾಯಿತು. ನೀವು ಯಾವ ಕಾಸರಕೋಡಿನವರು ಎಂದು ಕೇಳಿದೆ. ಶರಾವತಿ ಸೇತುವೆಯಿಂದ ಆಚೆ, ಹೊನ್ನಾವರದ ಕಾಸರಕೋಡು. ನನ್ನ ಬಸ್ಸು ಇಳಿಯುವ ಜಾಗದಿಂದ ಹೊಳೆಯೊಂದು ದಾಟಿದರೆ ಅವರ ಮನೆ. ನಾನು ಹೊನ್ನಾವರದಲ್ಲಿ ಕಲಿಸುವವಳು ಎಂದು ತಿಳಿದ ಮೇಲೆ ಅವರ ಮುಖವೇ ಬೇರೆಯಾಯಿತು. ಬಂದರದಲ್ಲಿ ಈಗ ಬಂಗಡೆ ಬರುತ್ತದಾ, ಬಸ್ ಸ್ಟ್ಯಾಂಡ್ ಹತ್ತಿರದ ಹಳೆ ಚಹಾದಂಗಡಿ ಇದೆಯಾ ಎಂದು ಮೂರು ದಿನ ಕೇಳಿದ್ದೇ ಕೇಳಿದ್ದು. ಎರಡು ವರ್ಷಕ್ಕೊಮ್ಮೆ ರಜೆಗೆ ಬಂದು ಹೋಗುವವರು, ಊರನ್ನು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದರು.

ಅವರ ಫಾರ್ಮಿನಲ್ಲಿ ಮಾತ್ರ ಸೊನ್ನೆ. ನೋವು ಸೊನ್ನೆ, ಆಯಾಸ ಸೊನ್ನೆ. ನಗುವ ಮುಖ. ಹಾಗೆ ಸತತ ಮೂರು ಫಾರ್ಮು ಸೊನ್ನೆ ಬಂದರೆ ನಾನು ಸಹಿ ಹಾಕಬೇಕು, ನನ್ನ ಸಹಿಯ ಮೇಲೆ ಡಾಕ್ಟರ ಸಹಿ, ಅದರ ಮೇಲೆ ಅವರು ಮತ್ತೆ ಕೆಲಸಕ್ಕೆ ಹೋಗಬಹುದು. ಇಲ್ಲವಾದರೆ ಕಂಪನಿಯವರು ವೀಸಾ ರದ್ದು ಮಾಡಿ ಮನೆಗೆ ಕಳಿಸುತ್ತಾರೆ. ಇದನ್ನು ಅವರೇ ಹೇಳಿದ್ದರು.

ಇವರು ಹೇಳಿದ ಅಡ್ಡಿಲ್ಲ ಸೊನ್ನೆಯಲ್ಲ ಎಂದು ಲಿಸ್ಸಿಗೆ ಹೇಳಿದೆ. ಹಾಗಾದರೆ ಎಷ್ಟು ಒತ್ತಲಿ ಎಂದಳು. ಎರಡೂ ಇರಬಹುದು, ಒಂಬತ್ತೂ ಇರಬಹುದು ಎಂದೆ. ಅವಳು ಟ್ಯಾಬನ್ನು ನನ್ನ ಕೈಗೇ ಕೊಟ್ಟಳು. ಅದರಲ್ಲಿ ಅಂಕಿಗೆ ಜಾಗವಿತ್ತು, ಮಾತಿಗೆ ಇರಲಿಲ್ಲ.

ಮೂರನೇ ಸೊನ್ನೆ

ಅವರ ಮೂರನೇ ಫಾರ್ಮಿನ ದಿನ. ಎಂದಿನಂತೆ ಕೈ ಮೇಲೆತ್ತಿ ಎಂದೆ. ಗಣಪತಿಯವರ ಬಲಗೈ ಮೇಲಕ್ಕೆ ಹೋಯಿತು. ಎಡಗೈ ಭುಜದ ಮಟ್ಟಕ್ಕೆ ಬಂದು ನಿಂತು, ಹಾಗೇ ಇಳಿದು, ಅಂಗಿಯ ಜೇಬಿನಲ್ಲಿ ಏನೋ ಇದೆಯೇ ಎಂದು ನೋಡುವಂತೆ ಎದೆಯ ಮೇಲೆ ಕೂತಿತು. ಅಂಥ ಚಳಿಯ ಕೋಣೆಯಲ್ಲಿ ಅವರ ಮೀಸೆಯ ಮೇಲೆ ಬೆವರು. ಹತ್ತಿರ ಹೋಗಿ ಬಗ್ಗಿ ಎಂತ ಆತು ಎಂದು ಕೇಳಿದೆ.

"ಅಡ್ಡಿಲ್ಲ ಬಿಡಿ ಅಕ್ಕೋರೆ."

ಬಿಡಿ ಎಂದರು. ಆ ಬಿಡಿ ನನಗೆ ಗೊತ್ತು. ಕುಮಟಾದಲ್ಲಿ ಟೆಂಪೊ ಓಡಿಸುತ್ತಿದ್ದ ನನ್ನ ಅಣ್ಣ ಒಂದು ಬೆಳಿಗ್ಗೆ ಫೋನು ಮಾಡಿ, ಎದೆ ಹಿಡಿದ ಹಾಗೆ ಆಗುತ್ತದೆ ಎಂದ. ಡಾಕ್ಟರ ಹತ್ತಿರ ಹೋಗು ಎಂದೆ. "ಅಡ್ಡಿಲ್ಲ ಬಿಡು, ಗ್ಯಾಸ್ ಇರ್ಬೇಕು" ಎಂದ. ನಾನು ಬಿಟ್ಟೆ. ಹೊನ್ನಾವರದಲ್ಲಿ ಹದಿನೈದು ಜನರ ಉಸಿರು ಎಣಿಸುತ್ತ ನಿಂತಿದ್ದೆನಲ್ಲ, ನನಗೆ ಪುರುಸೊತ್ತಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬರೀ ಅಡ್ಡಿಲ್ಲ ಎಂದರೆ ನೂರು ಅರ್ಥ. ಅಡ್ಡಿಲ್ಲ ಬಿಡಿ ಎಂದರೆ ಒಂದೇ ಅರ್ಥ: ಆಗುತ್ತಿಲ್ಲ, ಆದರೆ ಕೇಳಬೇಡಿ.

ಲಿಸ್ಸಿಗೆ ಅವರನ್ನು ಅಲುಗಾಡಿಸಬೇಡ, ಪಕ್ಕದಲ್ಲೇ ನಿಲ್ಲು ಎಂದು ಹೇಳಿ ಓಡಿದೆ. ಸಮೀನಾ ಮೀಟಿಂಗಿನಲ್ಲಿದ್ದಳು. ಬಾಗಿಲು ತಟ್ಟದೆ ಒಳಗೆ ನುಗ್ಗಿದೆ. ಈಜಿಪ್ಟಿನ ಒಬ್ಬ, ಉತ್ತರ ಭಾರತದ ಒಬ್ಬ, ಇಬ್ಬರು ದೊಡ್ಡ ಡಾಕ್ಟರುಗಳು ನನ್ನನ್ನು ದುರುಗುಟ್ಟಿ ನೋಡಿದರು.

"ಡಾಕ್ಟ್ರೇ, ಗಣಪತಿ ಅಡ್ಡಿಲ್ಲ ಬಿಡಿ ಅಂದ್ರು."

ಸಮೀನಾಳ ಕೈಯಲ್ಲಿನ ಪೆನ್ನು ನಿಂತಿತು. "ಬಿಡಿ ಅಂದ್ರಾ?"

"ಹೌದು."

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು. ಫಾರ್ಮು ಕೇಳಲಿಲ್ಲ, ಅಂಕಿ ಕೇಳಲಿಲ್ಲ. ಆ ಇಬ್ಬರು ಡಾಕ್ಟರಿಗೆ ಏನಾಯಿತೆಂದೇ ತಿಳಿಯಲಿಲ್ಲ. ತಿಳಿಯಬೇಕಾದರೆ ಭಟ್ಕಳದಲ್ಲಿ ಹುಟ್ಟಬೇಕಿತ್ತು.

ಗೋಡೆಯ ಕಡೆ ಮುಖ

ಗಾಲಿಯ ಮಂಚದ ಮೇಲೆ ಮಲಗಿಸಿ ಪರೀಕ್ಷೆಗೆ ಒಯ್ಯುವಾಗ ಗಣಪತಿಯವರು ನನ್ನ ಕೈ ಹಿಡಿದುಕೊಂಡರು. ಪ್ರೀತಿಯಿಂದಲ್ಲ, ಸಿಟ್ಟಿನಿಂದ.

"ನೀವು ಊರಿನವ್ರು ಅಂತ ಅಷ್ಟಾದ್ರೂ ಹೇಳ್ದೆ ಅಕ್ಕೋರೆ. ಬೇರೆಯವ್ರಾಗಿದ್ರೆ ನಾ ಬಾಯಿ ಬಿಡ್ತಿರ್ಲಿಲ್ಲ. ನಂಗೆ ಊರಲ್ಲಿ ಎರಡು ತಿಂಗ್ಳಕಿಂತ ಹೆಚ್ಚು ಇದ್ದೇ ಗೊತ್ತಿಲ್ಲ. ಇಲ್ಲಿಂದ ಕಳ್ಸಿದ್ರೆ ನಾ ಅಲ್ಲಿ ಎಂತ ಮಾಡೂದು?"

ಮೊದಲು ಜೀವ ಉಳಿಯಲಿ ಎಂದೆ.

ಸ್ಟೆಂಟ್ ಹಾಕಿದ ನಾಳ ಸರಿಯಿತ್ತು, ಬೇರೆ ಎರಡು ನಾಳ ಕಟ್ಟಿಕೊಂಡಿದ್ದವು. ಆ ಮೈಯಲ್ಲಿ ಮತ್ತೆ ಕಟ್ಟಡ ಹತ್ತಿದ್ದರೆ ಎಂದು ಸಮೀನಾ ಅರ್ಧಕ್ಕೇ ನಿಲ್ಲಿಸಿದಳು. ಎರಡು ದಿನದಲ್ಲಿ ಎದೆ ತೆರೆದು ದೊಡ್ಡ ಆಪರೇಷನ್ ಆಯಿತು. ಎಲ್ಲ ಸುಸೂತ್ರವಾಯಿತು. ಕಂಪನಿಯವರು, ಚೇತರಿಸಿಕೊಂಡ ಮೇಲೆ ಊರಿಗೆ ಎಂದು ಹೇಳಿದರು. ನಾನು ಎರಡು ಸಲ ನೋಡಲು ಹೋದೆ. ಎರಡು ಸಲವೂ ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಬದುಕಿಸಿದವರ ಮೇಲೆ ಹೀಗೆ ಮುನಿಸಿಕೊಳ್ಳುವುದುಂಟೇ ಎಂದು ನನಗೂ ರೇಗಿತು. ಇಳಿದು ಬರುವಾಗ ಲಿಫ್ಟಿನಲ್ಲಿ ಅಳು ಬಂತು.

ಕೊನೆಯ ತರಗತಿಯಲ್ಲಿ ಮಾರ್ಗರೆಟ್‌ಳನ್ನು ಇವತ್ತು ಎಷ್ಟು ಎಂದು ಕೇಳಿದೆ. ಅವಳು ದೊಡ್ಡ ಉಡುಗೊರೆ ಕೊಡುವವಳಂತೆ ನಕ್ಕು "ಅಡಿಲ್ಲಾ" ಎಂದಳು. ನನಗಾಗಿ ಕಲಿತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ನೀನಾದರೂ ಅಂಕಿ ಹೇಳು ಮಾರಾಯ್ತಿ ಎಂದು ಕನ್ನಡದಲ್ಲೇ ಗದರಿದೆ. ಏನು ತಿಳಿಯಿತೋ, ತಟ್ಟನೆ "ಐದೂಕಾಲು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕ್ಲಿನಿಕ್ಕಿನವರು ತರಗತಿಯನ್ನು ಮುಂದುವರಿಸುವುದಾಗಿ ಹೇಳಿದರು. ಬಿಳಿ ಕುರ್ಚಿಗಳು ಅಲ್ಲೇ ಉಳಿದವು.

ಮತ್ತೆ ಹೊನ್ನಾವರ

ಅಳುವ ನಗುವ ಮುಖಗಳ ಹಾಳೆಯೊಂದನ್ನು ಅಲ್ಲಿಂದ ಕೇಳಿ ತಂದಿದ್ದೆ. ಅದನ್ನು ಮಹಡಿಯ ಗೋಡೆಗೆ ಅಂಟಿಸಿದೆ. ಎಲ್ಲರೂ ಸಾಲಾಗಿ ಬಂದು ನಗುವ ಮುಖದ ಮೇಲೆ ಬೆರಳಿಟ್ಟು ಹೋದರು. ಯಾಕೆ ಎಂದು ಕೇಳಿದರೆ ಅದೇ ಚಂದ ಅದೆ ಎಂದಳು ಮಾದೇವಮ್ಮ. ನಾನು ಹಣೆ ಹಣೆ ಬಡಿದುಕೊಂಡೆ. ಹೊಸ ಕೋಲು ಒಂದನ್ನು ಕಡಿಸಿ ತಂದೆ, ಪುಸ್ತಕದಲ್ಲಿ ಮತ್ತೆ ಆರಾಮ ಆರಾಮ ಎಂದು ಬರೆಯತೊಡಗಿದೆ.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಗಣಪತಿ ಬಂದರು. ಮೈ ಇಳಿದಿತ್ತು. ಎದೆಯ ಗಾಯ ಕಾಣದಂತೆ ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿದ್ದರು. ನನ್ನ ಮುಖ ನೋಡದೆ ಹೋಗಿ ಕಡೆಯ ಕುರ್ಚಿಯಲ್ಲಿ, ಮಾದೇವಮ್ಮನ ಪಕ್ಕ ಕೂತರು. ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಪುಸ್ತಕ ಹಿಡಿದು ಎಲ್ಲರನ್ನೂ ಕೇಳುತ್ತ ಬಂದೆ. ಅಡ್ಡಿಲ್ಲ, ಅಡ್ಡಿಲ್ಲ, ಅಡ್ಡಿಲ್ಲ. ಅವರ ಮುಂದೆ ನಿಂತು ಹ್ಯಾಂಗದೆ ಎಂದೆ.

ಅವರು ಕುತ್ತಿಗೆಯ ಗುಂಡಿ ಬಿಚ್ಚಿದರು.

"ಎದೆ ಅಡ್ಡಿಲ್ಲ ಅಕ್ಕೋರೆ. ನಂಗೆ ಅಡ್ಡಿ ಅದೆ."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಥ ಮಾತನ್ನು ಅವರೂ ಕೇಳಿರಲಿಲ್ಲ. ಗಣಪತಿ ತಲೆ ಎತ್ತದೆ ಹೇಳಿದರು. ಕಂಪನಿಯ ಬಸ್ಸಿಗೆ ಏಳುವ ಹೊತ್ತಿಗೆ ಈಗಲೂ ಎಚ್ಚರವಾಗುತ್ತದಂತೆ. ಎದ್ದು ಹೋಗುವುದಕ್ಕೆ ಜಾಗವೇ ಇಲ್ಲ. ಮನೆಯಲ್ಲಿ ನೀರಿನ ಲೋಟ ಎಲ್ಲಿರುತ್ತದೆ ಎಂದೂ ಗೊತ್ತಿಲ್ಲ, ನೆಂಟರ ಹಾಗೆ ಹೆಂಡತಿಯನ್ನು ಕೇಳಬೇಕು. ಅವಳು ಬೇಸರವಿಲ್ಲದೆ ಕೊಡುತ್ತಾಳೆ, ಅದೇ ಇನ್ನೂ ಕಷ್ಟ. ಹತ್ತರಲ್ಲಿ ಎಷ್ಟು ಎಂದು ಕೇಳಿದೆ. ಎಂಟು ಎಂದರು. ನಾನು ಎಂಟು ಎಂದು ಬರೆದೆ. ಅದಕ್ಕೆ ಯಾವ ಆಸನ ಎಂದು ನನಗೆ ಗೊತ್ತಿರಲಿಲ್ಲ, ಹಾಗೇ ಹೇಳಿದೆ. ಅಡ್ಡಿಲ್ಲ ಎಂದು ಸಣ್ಣಗೆ ನಕ್ಕರು. ಈ ಸಲ ಬಿಡಿ ಎನ್ನಲಿಲ್ಲ.

ಆಗ ಯಾರೋ ನನ್ನ ಸೆರಗು ಎಳೆದರು. ಮಾದೇವಮ್ಮ.

"ಅಕ್ಕೋರೆ, ನಂಗೂ ಅದೆ."

"ಎಂತದು ಮಾದೇವಮ್ಮ?"

"ಮಲಗೂಕೆ ಆಗೂದಿಲ್ಲ. ಮಲಗಿದ್ರೆ ಉಸ್ರು ಕಟ್ತದೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡೂದು. ಒಂದು ವರ್ಷ ಆತು."

ಒಂದು ವರ್ಷ. ಆ ಇಡೀ ವರ್ಷ ವಾರಕ್ಕೆ ಮೂರು ಸಲ ನಾನು ಅವಳ ಹೆಸರಿನ ಮುಂದೆ ಆರಾಮ ಎಂದು ಬರೆದಿದ್ದೆ. ದುಬೈವರೆಗೆ ಹೋಗಿ ಒಬ್ಬರ ಬಿಡಿ ಎಂಬ ಮಾತನ್ನು ಹಿಡಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು, ನನ್ನ ಕಣ್ಣ ಮುಂದೆ ಕೂತವಳನ್ನು ಕೇಳಿರಲಿಲ್ಲ. ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಮೂಲೆಯಿಂದ ಇನ್ನೊಬ್ಬರು ನನಗೂ ಒಂದು ಹೇಳುವುದಿದೆ ಎಂದರು. ಆಮೇಲೆ ಮತ್ತೊಬ್ಬರು. ಅವತ್ತು ಒಂದು ಕೈಯೂ ಮೇಲಕ್ಕೆ ಏಳಲಿಲ್ಲ, ಹೊಸ ಕೋಲು ಗೋಡೆಗೆ ಒರಗಿಸಿದಲ್ಲೇ ಇತ್ತು.

ಮಾದೇವಮ್ಮನ ಕೈ ಹಿಡಿದು ನಾನೇ ಮೆಟ್ಟಿಲು ಇಳಿಸಿದೆ. ಪ್ರತಿ ಮೆಟ್ಟಿಲಿಗೂ ನಿಂತೆವು. ಕೆಳಗೆ ಡಾಕ್ಟರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಏನು ಅಕ್ಕೋರೆ, ಇಷ್ಟು ಬೇಗ ಇಳಿದು ಬಂದಿರಿ, ಎಲ್ಲ ಅಡ್ಡಿಲ್ಲವಾ ಎಂದು ಕೇಳಿದರು.

"ಅಡ್ಡಿ ಅದೆ ಡಾಕ್ಟ್ರೇ" ಎಂದೆ.